ಬಾವುಟದಲ್ಲಿ ಇಲ್ಲದ ವೇಲ್ಸ್

ಇವತ್ತು ಮಗಳು ಬ್ರಿಟನ್ ಬಾವುಟಕ್ಕೆ ಬಣ್ಣ ತುಂಬುತ್ತಿದ್ದಳು. ಕೆಂಪು ನೇರ ಶಿಲುಬೆ ಇಂಗ್ಲೆಂಡಿನದು, ಬಿಳಿ ಓರೆ ಶಿಲುಬೆ ಸ್ಕಾಟ್ಲೆಂಡಿನದು ಅಂದೆ.
"ವೇಲ್ಸ್ ಎಲ್ಲಪ್ಪಾ?"

ಇಲ್ಲವೇ ಇಲ್ಲ.

1606ರಲ್ಲಿ ಮೊದಲ ಬಾವುಟ ಮಾಡುವಾಗ ವೇಲ್ಸ್ ಇಂಗ್ಲೆಂಡಿನೊಳಗೆ ಸೇರಿಹೋಗಿತ್ತು. 1536ರಲ್ಲೇ ಅದನ್ನು ಸೇರಿಸಿಕೊಳ್ಳುವ ಕಾನೂನು ಬಂತು, ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿಯದು. ಕೋರ್ಟಿನಲ್ಲಿ ಇಂಗ್ಲಿಷೇ ನಡೆಯಬೇಕು, ವೆಲ್ಷ್ ಮಾತ್ರ ಬಲ್ಲವರಿಗೆ ಹುದ್ದೆ ಇಲ್ಲ. ಅದನ್ನು ಪಾಸು ಮಾಡಿದ ಪಾರ್ಲಿಮೆಂಟಿನಲ್ಲಿ ವೇಲ್ಸ್‌ನ ಸದಸ್ಯರೇ ಇರಲಿಲ್ಲ.

ಸ್ಕಾಟ್ಲೆಂಡಿನದು ಬೇರೆ ಕತೆ. ಪನಾಮಾದ ಡೇರಿಯನ್‌ನಲ್ಲಿ ವಸಾಹತು ಕಟ್ಟಲು ಹೋಗಿ ದುಡ್ಡು ಮುಳುಗಿತ್ತು. ಬೀದಿಯಲ್ಲಿ ಜನ ಗಲಾಟೆ ಮಾಡಿದರೂ 1707ರಲ್ಲಿ ಇಂಗ್ಲೆಂಡಿನ ಜೊತೆ ಒಂದಾಗಲು ಅವರ ಪಾರ್ಲಿಮೆಂಟೇ ಮತ ಹಾಕಿ ಒಪ್ಪಿತು. ತಮ್ಮ ಕಾನೂನು, ಕೋರ್ಟು, ಚರ್ಚು ಉಳಿಸಿಕೊಂಡರು. ಮಾತುಕತೆಗೆ ಕೂತಿದ್ದಕ್ಕೆ ಅಷ್ಟಾದರೂ ಸಿಕ್ಕಿತು, ಅಲ್ವಾ.

ನನಗೆ ವೇಲ್ಸ್ ಬಗ್ಗೆಯೇ ಜಾಸ್ತಿ ಬೇಸರ. ಅವರಿಗೆ ಸ್ವಂತ ಅಸೆಂಬ್ಲಿ ಸಿಕ್ಕಿದ್ದು 1999ರಲ್ಲಿ.