ಅಪ್ಪನ ಕೈ ಸೇರದ ಕಾಗದ

9 ನವೆಂಬರ್ 2024, ಶನಿವಾರ

ಜರ್ಮನ್ ಭಾಷೆಯ ಲೇಖಕ ಕಾಫ್ಕಾ ತನ್ನ ಅಪ್ಪನಿಗೆ ಬರೆದ ಪತ್ರವನ್ನು ಇವತ್ತು ಎರಡನೇ ಸಲ ಓದಿ ಮುಗಿಸಿದೆ. ಮೊದಲು ಓದಿದ್ದು ಕಾಲೇಜಿನಲ್ಲಿದ್ದಾಗ. ಆಗ ಆ ಅಪ್ಪನ ಮೇಲೆ ಎಷ್ಟು ಸಿಟ್ಟು ಬಂದಿತ್ತೆಂದರೆ ಪುಟಪುಟಕ್ಕೂ ಪೆನ್ಸಿಲ್‌ನಲ್ಲಿ ಗೆರೆ ಎಳೆದಿದ್ದೆ.

1919ರ ನವೆಂಬರ್‌ನಲ್ಲಿ ಬರೆದದ್ದು. ಅವನಿಗಾಗ 36 ವರ್ಷ. ಪತ್ರ ಅನ್ನೋದು ಹೆಸರಿಗಷ್ಟೇ, ಕೈಬರಹದಲ್ಲಿ ನೂರು ಪುಟದಷ್ಟಿದೆ. ನನ್ನನ್ನು ಕಂಡರೆ ಭಯ ಅಂತೀಯಲ್ಲ, ಯಾಕೆ ಅಂತ ಅಪ್ಪ ಕೇಳಿದ್ದನಂತೆ. ಆ ಭಯದಿಂದಲೇ ಎದುರಿಗೆ ಬಾಯಿ ಬರಲಿಲ್ಲ, ಬರೆದ. ಒಂದು ರಾತ್ರಿ ನೀರು ಬೇಕು ಅಂತ ರಚ್ಚೆ ಹಿಡಿದಿದ್ದ ಮಗುವನ್ನು ಅಪ್ಪ ಎತ್ತಿಕೊಂಡು ಹೋಗಿ, ಹೊರಗಿನ ಬಾಲ್ಕನಿಯಲ್ಲಿ ನಿಲ್ಲಿಸಿ, ಬಾಗಿಲು ಹಾಕಿಬಿಟ್ಟ. ಸ್ವಲ್ಪ ಹೊತ್ತು, ಅಷ್ಟೇ. ಅಪ್ಪ ಮರುದಿನವೇ ಮರೆತಿರಬಹುದು. ಮಗ ಮಾತ್ರ ಇನ್ನೂ ಆ ಬಾಗಿಲ ಹೊರಗೇ ಇದ್ದಾನೆ.

ಆದರೆ ಈ ಸಲ ನಾನು ತಡೆದು ನಿಂತದ್ದು ಕೊನೆಯ ಪುಟಗಳಲ್ಲಿ. ಅಲ್ಲಿ ಅಪ್ಪನ ಉತ್ತರವನ್ನೂ ಕಾಫ್ಕಾನೇ ಬರೆದುಬಿಡುತ್ತಾನೆ! ತನ್ನ ವಿರುದ್ಧದ ವಾದವನ್ನು ಏನೂ ಮುಲಾಜಿಲ್ಲದೆ ಮಂಡಿಸುತ್ತಾನೆ. ಆದರೂ ಅದು ಮಗನ ಅಕ್ಷರವೇ ಅಲ್ವಾ? ಕಾಗದವನ್ನು ಅಮ್ಮನ ಕೈಗೆ ಕೊಟ್ಟ, ಅಮ್ಮ ಅದನ್ನು ವಾಪಸ್ ಮಗನಿಗೇ ಕೊಟ್ಟಳು ಅಂತ ಗೆಳೆಯ ಮ್ಯಾಕ್ಸ್ ಬ್ರಾಡ್ ಬರೆದಿದ್ದಾನೆ. 1924ರಲ್ಲಿ ಮಗ ತೀರಿಕೊಂಡ, 1931ರಲ್ಲಿ ಅಪ್ಪ. ಪತ್ರ ಪೂರ್ತಿಯಾಗಿ ಅಚ್ಚಾಗಿದ್ದು 1952ರಲ್ಲಿ. ನನ್ನಂಥವರಿಗೆಲ್ಲ ಸಿಕ್ಕಿತು, ಬರೆಸಿಕೊಂಡವನಿಗೇ ಸಿಗಲಿಲ್ಲ.

ಎದ್ದು ಕಪಾಟು ನೋಡಿದೆ. ಅಪ್ಪಂದಿರ ಬಗ್ಗೆ ಇರುವ ಪುಸ್ತಕಗಳೆಲ್ಲ ಮಕ್ಕಳು ಬರೆದವೇ. 1907ರಲ್ಲಿ ಇಂಗ್ಲಿಷ್ ಲೇಖಕ ಎಡ್ಮಂಡ್ ಗಾಸ್ ತನ್ನ ಅಪ್ಪನ ಬಗ್ಗೆ ಬರೆದಾಗ ಪುಸ್ತಕದ ಮೇಲೆ ತನ್ನ ಹೆಸರೇ ಹಾಕಲಿಲ್ಲ. ಅಪ್ಪ ಸತ್ತು ಅದಾಗಲೇ 19 ವರ್ಷ! ತೇಜಸ್ವಿಯವರ ‘ಅಣ್ಣನ ನೆನಪು’ ಓದುವಾಗ ಜಾಸ್ತಿ ನಗುತ್ತೇನೆ, ಕುವೆಂಪು ಅಂಥ ದೊಡ್ಡ ಹೆಸರು ಕೂಡ ಅಲ್ಲಿ ಮನೆಯವರೇ. ಆದರೆ ಅದೂ ಮಗನ ಮಾತು. ಅಪ್ಪನೇ ಪೆನ್ನು ಹಿಡಿದದ್ದು ಅಂದರೆ ನೆಹರೂ ಕಾಗದಗಳು. 1928ರ ಬೇಸಿಗೆಯಲ್ಲಿ ಮಸ್ಸೂರಿಯಲ್ಲಿದ್ದ 10 ವರ್ಷದ ಇಂದಿರಾಗೆ ಬರೆದವು. ಭೂಮಿ ಹುಟ್ಟಿದ್ದು, ಮನುಷ್ಯ ಬಂದದ್ದು ಎಲ್ಲ ಇದೆ. ಮಗಳು ಏನು ಉತ್ತರ ಬರೆದಳು ಅನ್ನೋದು ಇಲ್ಲ.

ಸಂಜೆ ಅಪ್ಪ ಬಂದು ಪುಸ್ತಕ ಎತ್ತಿಕೊಂಡರು.

“ಏನಿದು?”

“ಒಬ್ಬ ಮಗ ಅಪ್ಪನಿಗೆ ಬರೆದ ಕಾಗದ.”

“ಅಪ್ಪ ಏನಂದ?”

“ಓದಲೇ ಇಲ್ಲ. ಅವನ ಕೈಗೆ ಸೇರಲಿಲ್ಲ.”

ಸುಮ್ನೆ ಪುಟ ತಿರುವಿದರು. “ಈ ಗೆರೆಗಳೆಲ್ಲ ನಿಂದಾ?”

ಹೌದು ಅಂದೆ. ಕಾಲೇಜಿನಲ್ಲಿದ್ದಾಗ ಎಳೆದದ್ದು ಅಂತ ಸೇರಿಸಿದೆ. ಅವರು ಮತ್ತೇನೂ ಕೇಳಲಿಲ್ಲ, ಕನ್ನಡಕ ಹುಡುಕಿಕೊಂಡು ಪುಸ್ತಕದ ಜೊತೆ ಕೋಣೆಗೆ ಹೋದರು.

ಈಗ ಹನ್ನೊಂದು ಗಂಟೆ. ಇನ್ನೂ ವಾಪಸ್ ಬಂದಿಲ್ಲ. ಆ ಗೆರೆಗಳನ್ನು ಅಳಿಸಿ ಇಡಬೇಕಿತ್ತೇನೋ.