ಪೇಂಟ್ ಡಬ್ಬ ತೆಗೆಯೋ ಮುಂಚೆ ಮಳೆಯಲ್ಲಿ ಹೊರಗೆ ನಿಂತು ನೋಡಿ

ವಾಟರ್‌ಪ್ರೂಫಿಂಗ್ ಕೆಲಸಕ್ಕೆ ಬಂದ ಹೊಸದರಲ್ಲಿ ನಾನು ಮಾಡಿದ ಒಂದು ತಪ್ಪು ಇದು. ಬೆಂಗಳೂರಿನಲ್ಲಿ ಇಳಿಜಾರು ಸೈಟಿನ ಮನೆ. ಕೆಳಗೆ ಮೂರು ಕಡೆ ಮಣ್ಣು ಮುಚ್ಚಿದ ಬೇಸ್‌ಮೆಂಟ್ ರೂಮು. ಬಾಗಿಲು ತೆಗೆದರೆ ಮುಗ್ಗಲು ವಾಸನೆ. ಮರದ ಬೀರು ಜರುಗಿಸಿ ನೋಡಿದರೆ ಹಿಂದಿನ ಹಲಗೆ ತುಂಬಾ ಬೂಷ್ಟು. ಗೋಡೆಯ ಬುಡದಲ್ಲಿ ಪೇಂಟ್ ಉಬ್ಬಿತ್ತು, ಬೆರಳಲ್ಲಿ ಒತ್ತಿದರೆ ಬಿಳಿ ಉಪ್ಪು ಪುಡಿಪುಡಿಯಾಗಿ ಉದುರುತ್ತಿತ್ತು.

ಕೆರೆಸಿದೆ, ಪುಟ್ಟಿ ಹಾಕಿಸಿದೆ, ಡ್ಯಾಂಪ್‌ಪ್ರೂಫ್ ಪೇಂಟ್ ಎರಡು ಕೋಟ್ ಹೊಡೆಸಿ ಬಂದೆ. ಮುಂದಿನ ಮಳೆಗಾಲದಲ್ಲೇ ಫೋನ್ ಬಂತು. ಆ ಮನೆಯ ಅಮ್ಮ ಬೈಯಲಿಲ್ಲ. "ನೋಡಪ್ಪಾ, ಯಜಮಾನರ ಹಳೇ ಫೋಟೋ ಎಲ್ಲಾ ಇಲ್ಲೇ ಇಟ್ಟಿದ್ದೆ" ಅಂತ ಆಲ್ಬಮ್ ಕೈಗೆ ಕೊಟ್ಟರು. ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಬಿಡಿಸೋಕೆ ಹೋದರೆ ಮುಖಗಳೇ ಕಿತ್ತು ಬರುತ್ತಿದ್ದವು.

ಮಳೆ ಶುರುವಾದಾಗ ಛತ್ರಿ ಹಿಡಿದು ಮನೆಯ ಹಿಂದೆ ನಿಂತೆ. ತಾರಸಿ ನೀರಿನ ಪೈಪು ನೇರ ಗೋಡೆಯ ಬುಡಕ್ಕೆ ಸುರಿಯುತ್ತಿತ್ತು. ಅಂಗಳದ ವಾಟ, ಅಂದರೆ ನೀರು ಹರಿಯೋ ಇಳಿಜಾರು ಕೂಡ ಗೋಡೆಯ ಕಡೆಗೇ ಇತ್ತು. ಅಷ್ಟೂ ನೀರು ಮಣ್ಣಿಗೆ ಇಳಿದು ಗೋಡೆಯನ್ನು ಹಿಂದಿನಿಂದ ಒತ್ತುತ್ತಿರುವಾಗ ಒಳಗೆ ಎಂಥ ಪೇಂಟ್ ಹೊಡೆದರೂ ಅದು ಸಿಪ್ಪೆ ಥರ ಎದ್ದು ಬರುತ್ತದೆ, ಅಲ್ವಾ?

ಪೈಪನ್ನು ದೂರಕ್ಕೆ ಒಯ್ದೆವು. ಅಂಗಳಕ್ಕೆ ಹೊರಮುಖವಾಗಿ ಅಡಿಗೆ ಅರ್ಧ ಇಂಚು ವಾಟ ಕೊಟ್ಟೆವು. ಒಂದು ಕಡೆ ಪಾಯದವರೆಗೆ ಅಗೆದು, ಹೊರಗಿನಿಂದ ಕೋಟಿಂಗ್ ಮಾಡಿ, ನೀರು ಹರಿದು ಹೋಗಲಿ ಅಂತ ಬುಡದಲ್ಲಿ ಜಲ್ಲಿ ತುಂಬಿ ತೂತಿನ ಪೈಪು ಹಾಕಿದೆವು. ಖರ್ಚು ಜಾಸ್ತಿ ಆಯಿತು, ನಿಜ. ಹಾಗೇ ಒಂದು ಮಾತು: ಮಳೆನೀರಿನ ಇಂಗುಗುಂಡಿ ಬೇಕೇ ಬೇಕು, ಆದರೆ ದಯವಿಟ್ಟು ಬೇಸ್‌ಮೆಂಟ್ ಗೋಡೆಗೆ ಅಂಟಿಸಿ ತೋಡಬೇಡಿ.

ಎಲ್ಲ ತೇವವೂ ಮಣ್ಣಿನಿಂದಲೇ ಬರುತ್ತೆ ಅಂತೇನಿಲ್ಲ. ಪತ್ತೆ ಮಾಡೋಕೆ ಒಂದು ತುಂಡು ಪ್ಲಾಸ್ಟಿಕ್ ಹಾಳೆ ಸಾಕು. ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಹಿಂದೆ, ಗೋಡೆಯ ಕಡೆ ಹನಿ ಕಂಡರೆ ನೀರು ಗೋಡೆಯಿಂದ ಬರುತ್ತಿದೆ. ನಿಮ್ಮ ಕಡೆ ಹನಿ ಕಟ್ಟಿದರೆ ಅದು ರೂಮಿನ ಗಾಳಿಯದೇ ತೇವ, ತಣ್ಣನೆ ಗೋಡೆಗೆ ತಾಗಿ ನೀರಾಗಿದೆ. ಎರಡನೆಯದಕ್ಕೆ ಗೋಡೆ ಒಡೆಸಿದರೆ ದುಡ್ಡು ಸುಮ್ನೆ ಹಾಳು. ಒದ್ದೆ ಬಟ್ಟೆ ಅಲ್ಲಿ ಒಣಹಾಕಬೇಡಿ, ಬೀರುವನ್ನು ಗೋಡೆಯಿಂದ ನಾಲ್ಕು ಇಂಚು ಮುಂದಕ್ಕೆ ಇಡಿ, ಮಳೆ ಸುರಿಯುವಾಗ ಕಿಟಕಿ ತೆರೆದಿಡಬೇಡಿ, ಬಿಸಿಲು ಬಂದಾಗ ತೆರೆಯಿರಿ. ರೂಮಿನ ಗಾಳಿಯ ತೇವಾಂಶ ಅಳೆಯೋ ಚಿಕ್ಕ ಮೀಟರ್ ಸಿಗುತ್ತೆ, ಅದರಲ್ಲಿ ಶೇಕಡಾ 60 ದಾಟದಂತೆ ನೋಡಿಕೊಳ್ಳಿ.

ಉಪ್ಪನ್ನು ಒಣ ಬ್ರಷ್‌ನಲ್ಲೇ ಉಜ್ಜಿ ತೆಗೆಯಿರಿ. ನೀರು ಹಾಕಿ ತೊಳೆದರೆ ಕರಗಿ ಮತ್ತೆ ಗೋಡೆಯೊಳಗೇ ಹೋಗುತ್ತೆ. ಬೂಷ್ಟು ಒಳಗಿಳಿದ ಜಿಪ್ಸಂ ಬೋರ್ಡನ್ನು ಒರೆಸಿ ಉಳಿಸೋಕೆ ಆಗಲ್ಲ, ಮಾಸ್ಕ್ ಹಾಕಿಕೊಂಡು ಕತ್ತರಿಸಿ ಎಸೆಯಬೇಕು.

ಆ ರೂಮು ಎರಡು ಮಳೆಗಾಲ ಒಣಗಿಯೇ ಇದೆ. ಉಳಿದ ಫೋಟೋಗಳನ್ನು ಮಾತ್ರ ಅಮ್ಮ ಮೇಲಿನ ರೂಮಲ್ಲೇ ಇಟ್ಟಿದ್ದಾರೆ. ಅಲ್ಲೇ ಇರಲಿ ಅಮ್ಮಾ ಅಂದೆ.