ಉಪ್ಪು ಬರುವ ಮೊದಲು ಕೊಯ್ಲು

ಮಣ್ಣು ಪರೀಕ್ಷೆ ನನ್ನ ಕೆಲಸ. ಹಾಗಾಗಿ ಭತ್ತ, ಉಪ್ಪು ಅಂತ ಮಾತು ಬಂದರೆ ಕಿವಿ ನೆಟ್ಟಗಾಗುತ್ತದೆ. ನದಿ ಸಮುದ್ರ ಸೇರುವ ಡೆಲ್ಟಾಗಳಲ್ಲಿ ಭತ್ತ ಉಳಿಯಬೇಕಾದರೆ ಯಾವ ತಳಿ ಹಾಕಬೇಕು ಎಂದು ಎಲ್ಲರೂ ಕೇಳುತ್ತಾರೆ. ನಾನು ಮೊದಲು ಕೇಳುವುದು, ಬಿತ್ತನೆ ಯಾವಾಗ?

ವಿಯೆಟ್ನಾಮಿನ ಮೆಕಾಂಗ್ ಡೆಲ್ಟಾವನ್ನೇ ನೋಡಿ. ಆ ದೇಶದ ಅರ್ಧದಷ್ಟು ಭತ್ತ ಬೆಳೆಯುವುದು ಅಲ್ಲಿ. ಸರಾಸರಿ ನೋಡಿದರೆ ಆ ನೆಲ ಸಮುದ್ರಕ್ಕಿಂತ ಒಂದು ಮೀಟರ್ ಕೂಡ ಎತ್ತರವಿಲ್ಲ. ಬೇಸಿಗೆಯಲ್ಲಿ ನದಿ ಸೊರಗಿದಾಗ ಸಮುದ್ರದ ನೀರು ಕಾಲುವೆಗಳಿಗೆ ನುಗ್ಗುತ್ತದೆ. 2016ರ ಬರದಲ್ಲಿ ಲಕ್ಷಾಂತರ ಹೆಕ್ಟೇರ್ ಭತ್ತ ಹಾಳಾಯಿತು. 2020ರಲ್ಲಿ ಉಪ್ಪು ಇನ್ನೂ ಜೋರಾಗಿ ಬಂತು. ಆದರೆ ನಷ್ಟ ಬಹಳ ಕಡಿಮೆ. ಕರಾವಳಿಯ ಕಡೆ ಬಿತ್ತನೆಯನ್ನು ಬೇಗನೆ, ಅಕ್ಟೋಬರಿನಲ್ಲೇ ಮುಗಿಸಿದ್ದು ಅದಕ್ಕೆ ದೊಡ್ಡ ಕಾರಣ. ನೀರು ಸಿಗುವ ಭರವಸೆ ಇಲ್ಲದ ಕಡೆ ಬಿತ್ತಲೇಬೇಡಿ ಎಂದು ಅಲ್ಲಿನ ಸರ್ಕಾರ ಹೇಳಿತ್ತು.

ಭತ್ತಕ್ಕೆ ಉಪ್ಪು ತಡೆಯಲಾಗದ ಹೊತ್ತು ಎರಡು: ಎಳೆ ಸಸಿಯಾಗಿದ್ದಾಗ, ಹೂ ಬಿಡುವಾಗ. ನಡುವೆ ತೆಂಡೆ ಒಡೆಯುವಾಗ ಸ್ವಲ್ಪ ತಾಳಿಕೊಳ್ಳುತ್ತದೆ. ಮಣ್ಣಿನ ಇ.ಸಿ. (ಉಪ್ಪಿನಂಶ ತೋರಿಸುವ ವಿದ್ಯುತ್ ವಾಹಕತೆ) ಮೀಟರಿಗೆ 3 ಡೆಸಿಸೀಮನ್ಸ್ ದಾಟಿದರೆ ಇಳುವರಿ ಇಳಿಯಲು ಶುರು. ಉಪ್ಪು ಪೈರನ್ನು ಯಾವ ವಯಸ್ಸಿನಲ್ಲಿ ಹಿಡಿಯುತ್ತದೆ ಎನ್ನುವುದನ್ನು ಬಿತ್ತನೆ ತಾರೀಖೇ ನಿರ್ಧರಿಸುತ್ತದೆ ಅಲ್ವಾ?

ತಳಿಗಳ ಮೇಲೆ ನನಗೆ ತುಂಬಾ ಗೌರವವಿದೆ. ಒಡಿಶಾದ ಹಳೆಯ ತಳಿಯೊಂದರ ಗುಣ ಸೇರಿಸಿದ ಸ್ವರ್ಣ-ಸಬ್1 ಎರಡು ವಾರ ನೀರಿನಲ್ಲಿ ಮುಳುಗಿದರೂ ಬದುಕುತ್ತದೆ. ಕೇರಳದ ಪೊಕ್ಕಾಳಿ ಭತ್ತದಿಂದ ಸಿಕ್ಕ ಸಾಲ್ಟಾಲ್ ಎಂಬ ವಂಶವಾಹಿ ಭಾಗ ಸೇರಿಸಿದರೆ ಪೈರು ಉಪ್ಪು ತಡೆಯುತ್ತದೆ. ಆದರೆ ಸಾಲ್ಟಾಲ್ ಕಾಪಾಡುವುದು ಮುಖ್ಯವಾಗಿ ಎಳೆ ಸಸಿಯನ್ನು. ಹೂ ಬಿಡುವ ಹೊತ್ತಿಗೆ ಉಪ್ಪು ಬಂದರೆ ಕಾಳು ಜೊಳ್ಳಾಗುತ್ತದೆ.

ಸಮುದ್ರಕ್ಕೆ ತೀರಾ ಹತ್ತಿರದ ಗದ್ದೆಗಳಲ್ಲಿ ಬೇಸಿಗೆಗೆ ಸೀಗಡಿ, ಮಳೆಗಾಲಕ್ಕೆ ಭತ್ತ. ಇದು ನನಗೆ ಬಹಳ ಇಷ್ಟವಾದ ಪದ್ಧತಿ. ಮೊದಲ ಮಳೆ ಉಪ್ಪನ್ನು ತೊಳೆದ ಮೇಲೇ ಸಸಿ ಇಳಿಸಬೇಕು. ಮಳೆ ತಡವಾದರೆ ಕಾಯಲೇಬೇಕು.

ನನಗೆ ಸಂಕಟವಾಗುವುದು ಬೇರೆ ವಿಷಯಕ್ಕೆ. ಬೋರ್‌ವೆಲ್ ನೀರು ಎತ್ತಿ ಎತ್ತಿ ಮೆಕಾಂಗಿನ ಬಹಳ ಕಡೆ ಸಮುದ್ರ ಏರುವುದಕ್ಕಿಂತ ಬೇಗ ನೆಲವೇ ಕುಸಿಯುತ್ತಿದೆ. ಮರಳು ತೆಗೆದು ನದಿಯ ತಳ ಆಳವಾಗಿ ಉಪ್ಪುನೀರಿಗೆ ದಾರಿ ಸಲೀಸಾಗಿದೆ. ರೈತರು ಈಗಾಗಲೇ 90-100 ದಿನದ ತಳಿ ಹಾಕುತ್ತಿದ್ದಾರೆ. ಬಿತ್ತನೆಯನ್ನು ಇನ್ನೂ ಬೇಗ ಮಾಡೋಣವೆಂದರೆ, ಗದ್ದೆಯಲ್ಲಿ ಮಳೆಗಾಲದ ಬೆಳೆ ನಿಂತಿರುತ್ತದೆ. ಮರಳಿಗೂ ಬೋರ್‌ವೆಲ್ಲಿಗೂ ಕಡಿವಾಣ ಹಾಕದೆ ಅವರಿಗೆ ಇನ್ನೇನು ಬದಲಿಸಿ ಎಂದು ಹೇಳುವುದು?